ಸೆರಗು ತಾಕುದ್ರೂ ಉರಿ ಅಂದಿದ್ರು ಅಜ್ಜಿ

ಮಂಡ್ಯದ ಒಂದು ಆಸ್ಪತ್ರೆಲಿ ಎದೆರೋಗದ ಓಪಿಡಿಲಿ ಸ್ಟಾಫ್ ನರ್ಸ್ ನಾನು, 11 ವರ್ಷ ಆಯ್ತು. ಬಿಪಿ ನೋಡೋದು, ಬೆರಳಿಗೆ ಆಕ್ಸಿಮೀಟರ್ ಹಾಕೋದು, ಊದೋ ಟೆಸ್ಟ್ ಮಾಡ್ಸೋದು, ಇನ್‌ಹೇಲರ್ ಹೆಂಗೆ ಎಳ್ಕೋಬೇಕು ಅಂತ ಹೇಳ್ಕೊಡೋದು. ಹೋದ ವರ್ಷ ಮಳೆಗಾಲದಲ್ಲಿ ಆಗಿದ್ದನ್ನ ಹೊಸದಾಗಿ ಡ್ಯೂಟಿಗೆ ಬರೋ ಹುಡುಗೀರಿಗೆಲ್ಲ ಹೇಳ್ತಾನೇ ಇದೀನಿ, ಇವತ್ತು ಬರೆದೇ ಬಿಡ್ತೀನಿ.

ಪಾಂಡವಪುರ ಕಡೆಯಿಂದ ಒಬ್ರು ಅಜ್ಜಿ ಬರ್ತಿದ್ರು. ಬೆಳಿಗ್ಗೆ ಎದ್ರೆ ಕೆಮ್ಮು, ಕಫ, ರಾತ್ರಿ ಎದೇಲಿ ಸುಯ್ ಅನ್ನೋದು, ಸಂತೆವರೆಗೂ ನಡ್ಕೊಂಡು ಹೋಗ್ತಿದ್ದೋರು ಈಗ ಬಚ್ಚಲಿಗೆ ಹೋಗಿ ಬಂದ್ರೆ ಜಗಲಿ ಮೇಲೆ ಕುತ್ಕೋಬೇಕು. ಗೂರ್ಲು, ವಯಸ್ಸಾಯ್ತಲ್ಲ ಅಂತ ಮನೆಯವ್ರು ಮೂರು ವರ್ಷ ಸುಮ್ನಿದ್ರು. ಮೊದಲ ದಿನ ನಾನು ಫಾರಂನಲ್ಲಿ ಬೀಡಿ ಸಿಗರೇಟು ಅನ್ನೋ ಕಡೆ 'ಇಲ್ಲ' ಅಂತ ಬರೆದು ಮುಂದೆ ಹೋಗಿದ್ದೆ. ಊದೋ ಟೆಸ್ಟ್‌ಗೆ ಕೂರಿಸಿ ಜೋರಾಗಿ ಊದಿ, ನಿಲ್ಲಿಸ್ಬೇಡಿ ಅಂದ್ರೆ "ಒಲೆ ಊದ್ದಂಗೆ ಊದ್ಲಾ ಕಣವ್ವ?" ಅಂದ್ರು. ಆಗ ಕೇಳ್ದೆ. ಮದುವೆಯಾಗಿ ಬಂದಾಗಿಂದ ಸೌದೆ ಒಲೆ, ತೆಂಗಿನ ಗರಿ, ಹಿಪ್ನೇರಳೆ ಕಡ್ಡಿ, ಕಿಟಕಿ ಇಲ್ಲದ ಅಡುಗೆಮನೆ. ದಿನಕ್ಕೆ 4 ಗಂಟೆ, 40 ವರ್ಷ. ಗ್ಯಾಸ್ ಬಂದಿದ್ರೂ ಮುದ್ದೆಗೆ, ಸ್ನಾನದ ನೀರಿಗೆ ಈಗಲೂ ಒಲೇನೇ.

ನಮ್ಮ ಮೈಸೂರು ಸೀಮೆ ಹಳ್ಳಿ ಹೆಂಗಸರನ್ನೇ ನೋಡಿ 2013ರಲ್ಲಿ ಬಂದ ಒಂದು ಅಧ್ಯಯನ ಇದೆ, ಒಲೆ ಮುಂದೆ ದಿನಕ್ಕೆ ಎಷ್ಟು ಗಂಟೆ ಅನ್ನೋದನ್ನ ಎಷ್ಟು ವರ್ಷ ಅನ್ನೋದ್ರಿಂದ ಗುಣಿಸಿ 60 ಮುಟ್ಟಿದ್ರೆ ಬಿಡದ ಕೆಮ್ಮು ಕಫದ ಬ್ರಾಂಕೈಟಿಸ್ ಅಪಾಯ ಜಾಸ್ತಿ ಅಂತ. ಈ ಅಜ್ಜಿದು 160! ಇನ್‌ಹೇಲರ್ ಕೊಟ್ಟು ಊದ್ಸಿದ ಮೇಲೂ ಒಟ್ಟು ಗಾಳಿಲಿ ಮೊದಲ ಸೆಕೆಂಡಿಗೆ 70 ಪರ್ಸೆಂಟ್ ಕೂಡ ಆಚೆ ಬರ್ಲಿಲ್ಲ, ಡಾಕ್ಟ್ರು ಸಿಓಪಿಡಿ ಅಂತ ಬರೆದ್ರು, ಅಂದ್ರೆ ಉಸಿರಿನ ದಾರಿ ಕಿರಿದಾಗಿ ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಆವತ್ತಿಂದ ಯಾರೇ ಹೆಂಗಸರು ಬರ್ಲಿ, ಆಲೆಮನೆಲಿ ಕೊಪ್ಪರಿಗೆಗೆ ಉರಿ ಹಾಕೋರು ಬರ್ಲಿ, ಬೀಡಿ ಜೊತೆ ಹೊಗೆ ಲೆಕ್ಕನೂ ಕೇಳ್ತೀನಿ.

ಅಷ್ಟು ಕಲಿತ ನಾನೇ ಮುಂದೆ ಎಡವಿದೆ. ಆ ಮಳೆಗಾಲದಲ್ಲಿ ಅಜ್ಜಿಗೆ ಉಸಿರು ಕಟ್ಟಿ ಎರಡು ಸಲ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ರು, ಸಕ್ಕರೆ ಕಾಯಿಲೆ ಬೇರೆ. ಒಂದು ಸೋಮವಾರ ಬಂದು ಬಲಗಡೆ ಪಕ್ಕೆ ತೋರಿಸಿ "ಕೆಂಡ ಇಟ್ಟಂಗಾಯ್ತದೆ ಕಣವ್ವ, ಸೆರಗು ತಾಕುದ್ರೂ ಉರಿ" ಅಂದ್ರು. ಹೊರಗಡೆ ಇನ್ನೂ ನಲವತ್ತು ಜನ ಇದ್ರು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಂಡಿರುತ್ತೆ ಅಂತ ನಾನೇ ತೀರ್ಮಾನ ಮಾಡಿ ಚೀಟಿಲಿ 'ಕೆಮ್ಮಿನಿಂದ ಪಕ್ಕೆ ನೋವು' ಅಂತ ಬರೆದುಬಿಟ್ಟೆ. ಉರಿ ಅನ್ನೋ ಮಾತು ಡಾಕ್ಟ್ರ ಟೇಬಲ್‌ವರೆಗೂ ಹೋಗ್ಲೇ ಇಲ್ಲ. ಕೆಮ್ಮಿನ ನೋವು ಕೆಮ್ಮಿದಾಗ ಬರುತ್ತೆ, ಬಟ್ಟೆ ತಾಕಿದ್ರೆ ಉರಿಯಲ್ಲ.

ಮುಂದಿನ ವಾರ ಬಂದಾಗ ಬೆನ್ನಿಂದ ಮುಂದಕ್ಕೆ ಒಂದೇ ಪಕ್ಕ ಪಟ್ಟಿ ಥರ ಗುಳ್ಳೆ, ಮೇಲೆ ಕೆಮ್ಮಣ್ಣು ಬಳಿದು ಒಣಗಿ ಬಿರುಕು ಬಿಟ್ಟಿತ್ತು. ಸರ್ಪಸುತ್ತು. ಗುಳ್ಳೆ ಎದ್ದು ಐದು ದಿನ ಆಗಿತ್ತು, ಮಂತ್ರ ಹಾಕ್ಸಿದ್ರು, ಹುತ್ತಕ್ಕೆ ತನಿ ಎರೆದಿದ್ರು, ತಲೆ ಬಾಲ ಕೂಡಿದ್ರೆ ಜೀವ ಹೋಗುತ್ತೆ ಅಂತ ಮಗಳು ಅಳ್ತಿದ್ಲು. ಚಿಕ್ಕವಯಸ್ಸಲ್ಲಿ ಅಮ್ಮ ಎದ್ದಿತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಮಲಗಿದ್ದು, ವಯಸ್ಸಾಗಿ ಮೈಲಿ ಶಕ್ತಿ ಕುಗ್ಗಿದಾಗ ಎದ್ದು ಆ ಒಂದು ನರದ ದಾರಿಲೇ ಆಚೆ ಬರುತ್ತೆ, ಅದಕ್ಕೇ ಸಾಮಾನ್ಯವಾಗಿ ಒಂದೇ ಪಕ್ಕ, ಸುತ್ತಿ ಬಂದು ಕೂಡೋ ಮಾತೇ ಇಲ್ಲ ಅಂತ ಆ ಹುಡುಗಿಗೆ ಕೂತು ಹೇಳ್ದೆ. ಸಿಓಪಿಡಿ ಇರೋರಿಗೆ, ಸ್ಟೀರಾಯ್ಡ್ ತಗೊಳ್ಳೋರಿಗೆ, ಸಕ್ಕರೆ ಕಾಯಿಲೆಯವರಿಗೆ ಇದರ ಅಪಾಯ ಬೇರೆಯವರಿಗಿಂತ ಜಾಸ್ತಿ. ಮೂರೂ ನಮ್ಮ ಅಜ್ಜಿಗೇ ಇತ್ತು.

ಗುಳ್ಳೆ ಎದ್ದ 72 ಗಂಟೆ ಒಳಗೆ ಅಸೈಕ್ಲೋವಿರ್ ಥರದ, ವೈರಸ್ ತಡೆಯೋ ಮಾತ್ರೆ ಶುರು ಮಾಡಿದ್ರೆನೇ ಚೆನ್ನಾಗಿ ಕೆಲಸ ಮಾಡೋದು. ಮೊದಲ ಸೋಮವಾರ ಗುಳ್ಳೆ ಇರ್ಲಿಲ್ಲ ನಿಜ, ಉರಿ ಮೊದಲು ಬಂದು ಗುಳ್ಳೆ ಆಮೇಲೆ ಏಳೋದೇ ಇದರ ರೀತಿ. ಆದ್ರೆ "ಗುಳ್ಳೆ ಕಂಡ ದಿನಾನೇ ಬನ್ನಿ ಅಜ್ಜಿ" ಅಂತ ಒಂದು ಮಾತು ಹೇಳಿದ್ರೆ ಬರ್ತಿದ್ರು, ನಾನು ಹೇಳಿದ್ದನ್ನ ಯಾವತ್ತೂ ಮೀರಿದವ್ರಲ್ಲ ಅವ್ರು.

ಹಕ್ಕಳೆ ಉದುರಿ ಗಾಯ ಮಾಗಿತು, ನೋವು ಹೋಗ್ಲಿಲ್ಲ. ಏಳು ತಿಂಗಳಾದ ಮೇಲೂ ಹಳೇ ಕಾಟನ್ ರವಿಕೆನ ಒಳಗೆ ಹೊರಗೆ ಮಾಡಿ ಹಾಕ್ಕೊಂಡು ಬರ್ತಿದ್ರು, ಹೊಲಿಗೆ ಚರ್ಮಕ್ಕೆ ತಾಗಬಾರ್ದು ಅಂತ. ಆ ನೋವಿಗೆ ಉಸಿರು ಜಗ್ಗಿ ಎಳೆಯೋಕೆ ಭಯ, ಹಂಗಾಗಿ ಇನ್‌ಹೇಲರ್ ಕೂಡ ಸರಿಯಾಗಿ ಹೋಗ್ತಿರ್ಲಿಲ್ಲ. ಅದನ್ನ ನೋಡಿದಾಗೆಲ್ಲ ನನ್ನ ಹೊಟ್ಟೆ ಕಿವುಚುತ್ತೆ.

ಈಗ ಒಂದೇ ಪಕ್ಕ ಉರಿ ಅಂದ್ರೆ ಪರದೆ ಎಳೆದು ಬಟ್ಟೆ ಸರಿಸಿ ನೋಡ್ತೀನಿ, ರೋಗಿ ಹೇಳಿದ ಪದಾನೇ ಚೀಟಿಲಿ ಬರೀತೀನಿ. ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಲಿ ಗುಳ್ಳೆ ಇದ್ರೆ ಅವತ್ತೇ ಕಣ್ಣಿನ ಡಾಕ್ಟ್ರು. ಗುಳ್ಳೆ ನೀರು ತಾಕಿದ್ರೆ ಚಿಕನ್‌ಪಾಕ್ಸ್ ಆಗದೇ ಇರೋರಿಗೆ ಅದು ಬರಬಹುದು, ಬಸುರಿ ಹೆಂಗಸರು, ಎಳೆ ಮಕ್ಕಳು ದೂರ ಇರ್ಲಿ, ಗುಳ್ಳೆ ಮುಚ್ಚಿಟ್ಕೊಳ್ಳಿ ಅಂತೀನಿ. 50 ದಾಟಿದವರಿಗೆ ಲಸಿಕೆ ವಿಷ್ಯಾನೂ ಹೇಳ್ತೀನಿ, 2023ರಿಂದ ಶಿಂಗ್ರಿಕ್ಸ್ ನಮ್ಮಲ್ಲೂ ಸಿಗ್ತಿದೆ, ಎರಡು ಡೋಸು, ಮಧ್ಯೆ 2ರಿಂದ 6 ತಿಂಗಳು. ದುಬಾರಿ, ಎಲ್ಲರ ಕೈಗೂ ಎಟುಕಲ್ಲ, ಅದು ನನಗೆ ನಿಜವಾಗ್ಲೂ ಸಂಕಟ.

ಹೋದ ತಿಂಗಳು ಆಲೆಮನೆ ಕೆಲಸದ ಒಬ್ರು ಗುಳ್ಳೆ ಎದ್ದ ಮಾರನೇ ದಿನಾನೇ ಬಂದ್ರು. ಮಗ "ಸಿಸ್ಟರ್, ನಾಗಪ್ಪಂಗೆ ಪೂಜೆ ಮಾಡ್ಸಬೋದಾ?" ಅಂದ. ಮಾಡ್ಸಿ ಅಣ್ಣ, ಮಾತ್ರೆ ಮೊದಲು ನುಂಗಿಸಿ ಅಂದು ನನ್ನ ಬಾಟ್ಲಿ ನೀರನ್ನೇ ಕೊಟ್ಟೆ.