ಸೋಮನಾಥಪುರದ ಗೋಡೆಯಲ್ಲಿ ಮುಸುಕಿನ ಜೋಳವಿದೆಯೇ?

ಮೈಸೂರಿನಿಂದ ಸೋಮನಾಥಪುರಕ್ಕೆ ಹೊರಟ ನಾವು ದಾರಿಯಲ್ಲಿ ಬನ್ನೂರಿನಲ್ಲಿ ಇಳಿದು ಸಿಪ್ಪೆ ಸುಲಿಯದ ಒಂದು ಮುಸುಕಿನ ಜೋಳದ ತೆನೆ ಕೊಂಡೆವು. ಅಲ್ಲಿನ ಕೇಶವ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಇದೇ ತೆನೆ ಎಂಬ ವಾದವಿದೆ; ಅವುಗಳ ಪಕ್ಕ ಹಿಡಿದು ನೋಡುವ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಜೊತೆಯಲ್ಲಿದ್ದವರು ಗುಂಡ್ಲುಪೇಟೆ ಕಡೆ ಮುಸುಕಿನ ಜೋಳ ಬೆಳೆಯುವ ನಮ್ಮ ಭಾವ. ಇಂಥ ತಪಾಸಣೆಗೆ ಬೆಳೆಗಾರನ ಕಣ್ಣೇ ಬೇಕು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ. ಮುಸುಕಿನ ಜೋಳವನ್ನು ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದವರು ಮೆಕ್ಸಿಕೊದ ರೈತರು. ಅದರ ಕಾಳು ತಾನಾಗಿ ಉದುರಿ ಹರಡುವುದಿಲ್ಲ; ಮನುಷ್ಯ ಬಿಡಿಸಿ ಬಿತ್ತಲೇಬೇಕು. ಹಾಗಾಗಿ ಹೊಯ್ಸಳರ ಕಲ್ಲಿನಲ್ಲಿ ಈ ತೆನೆ ಇರುವುದು ನಿಜವಾದರೆ, ಕೊಲಂಬಸನಿಗಿಂತ ಎರಡು ಶತಮಾನ ಮೊದಲೇ ಯಾರೋ ಬೀಜ ಹೊತ್ತು ಮಹಾಸಾಗರ ದಾಟಿದ್ದರು ಎಂದಾಯಿತು. ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೊಹಾನೆಸೆನ್ 1989ರಲ್ಲಿ ವಾದಿಸಿದ್ದು ಇದನ್ನೇ. ಭಾರತದ ಜೋಳ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಒಪ್ಪಲಿಲ್ಲ. ಅದು ಮುತ್ತುಗಳನ್ನು ಪೋಣಿಸಿದಂತಿರುವ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದರು.

ನಕ್ಷತ್ರಾಕಾರದ ಜಗತಿಯನ್ನು, ಅಂದರೆ ಗುಡಿ ನಿಂತ ಎತ್ತರದ ಕಟ್ಟೆಯನ್ನು, ಹತ್ತಿ ಪ್ರದಕ್ಷಿಣೆ ಹಾಕುತ್ತಾ ದೇವತೆಗಳ ಕೈಗಳನ್ನೇ ನೋಡುತ್ತಾ ಹೋದೆವು. ಬುಡ ದಪ್ಪ, ತುದಿ ಸಣ್ಣ, ಮೈತುಂಬ ಸಾಲುಸಾಲು ಕಾಳು. ದೂರದಿಂದ ನೋಡಿದರೆ ಜೋಳವೇ ಸರಿ! ಭಾವ ತೆನೆ ಸುಲಿದು ಪಕ್ಕದಲ್ಲಿ ಹಿಡಿದರು. "ಇಲ್ಲಿ ನೋಡಪ್ಪ, ತೆನೆಯಲ್ಲಿ ಕಾಳು ಒಂದನ್ನೊಂದು ಒತ್ತಿಕೊಂಡು ಬೆಳೆಯುತ್ತದೆ. ಹಾಗಾಗಿ ಪಕ್ಕಗಳು ಚಪ್ಪಟೆ. ಕಲ್ಲಿನಲ್ಲಿರುವುದು ಗುಂಡು ಮಣಿ" ಎಂದರು. ತೆನೆಯ ಸಾಲುಗಳನ್ನೂ ಎಣಿಸಿ ತೋರಿಸಿದರು: ಹದಿನಾಲ್ಕು. ಹೂವುಗಳು ಜೋಡಿಜೋಡಿಯಾಗಿ ಮೂಡುವುದರಿಂದ ಜೋಳದ ಸಾಲು ಯಾವಾಗಲೂ ಸಮಸಂಖ್ಯೆ. ಶಿಲ್ಪದ ಹಿಂಬದಿ ಕಾಣದ ಕಾರಣ ಆ ಲೆಕ್ಕ ಅಲ್ಲಿ ನಡೆಯಲಿಲ್ಲ. ಆದರೆ ಅದೇ ದೇವತೆಯ ಹಾರವನ್ನೂ ಸೊಂಟದ ಪಟ್ಟಿಯನ್ನೂ ನೋಡಿದಾಗ ನನ್ನ ಅನುಮಾನ ಹೋಯಿತು. ಅಲ್ಲಿಯೂ ಅದೇ ಮಣಿ, ಅದೇ ಕೊರೆತ. ಒಡವೆ ಕೆತ್ತಿ ಪಳಗಿದ ಉಳಿ ಹಣ್ಣನ್ನೂ ಒಡವೆಯಾಗಿಯೇ ಕಂಡಿದೆ.

ರೋಗಗಳು ಹೇಳುವ ಕಥೆಯೂ ಹೆಚ್ಚುಕಡಿಮೆ ಇದೇ. ಕೊಲಂಬಸನ ದಾರಿ ಹಿಡಿದ ಹಡಗುಗಳಲ್ಲಿ ಸಿಡುಬು 1518ರ ಕೊನೆಗೆ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪಕ್ಕೆ, 1520ರಲ್ಲಿ ಮೆಕ್ಸಿಕೊಕ್ಕೆ ಕಾಲಿಟ್ಟಿತು. ಅಲ್ಲಿನ ಅಜ್ಟೆಕ್ ಜನರ ದೊರೆ ಕ್ವಿಟ್ಲಾವಾಕ್ ಅದಕ್ಕೇ ಬಲಿಯಾದ. ಊರೂರೇ ಬರಿದಾದವು, ಏಕೆಂದರೆ ಆ ಜನರ ಮೈಗೆ ಈ ರೋಗದ ಪರಿಚಯವೇ ಇರಲಿಲ್ಲ. ಹೊಯ್ಸಳರ ಕಾಲದಲ್ಲೇ ಆಚೀಚೆ ಹಡಗುಗಳ ಓಡಾಟವಿದ್ದಿದ್ದರೆ ಆ ಮಾರಿ ಅಷ್ಟು ತಡವಾಗಿ ಬರುತ್ತಿತ್ತೇ? ಒಂದೆರಡು ದೋಣಿಗಳ ಮಾತು ಬೇರೆ. ಶಾಂತ ಸಾಗರದ ಪಾಲಿನೇಷ್ಯಾದ ನಾವಿಕರ ದ್ವೀಪಗಳಿಗೆ ದಕ್ಷಿಣ ಅಮೆರಿಕದ ಸಿಹಿಗೆಣಸು ಕೊಲಂಬಸನಿಗಿಂತ ಮೊದಲೇ ತಲುಪಿತ್ತು. ಸಾಗರ ದಾಟುವುದು ಅಸಾಧ್ಯವೇನೂ ಆಗಿರಲಿಲ್ಲ.

ಜೋಳ ಹುಡುಕಲು ಬರುವವರು ಗೋಡೆಯ ಕೆಳಗಿನ ಪಟ್ಟಿಕೆಗಳನ್ನು ನೋಡದೆ ಹೋಗಬಾರದು. ಆನೆಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲು ಇಡೀ ಗುಡಿಯನ್ನು ಸುತ್ತಿದೆ. ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಬರುತ್ತಿದ್ದದ್ದು ಅರೇಬಿಯಾ, ಪರ್ಷಿಯಾಗಳಿಂದ, ಹಡಗಿನಲ್ಲಿ. ಅದೇ ಶತಮಾನದ ಕೊನೆಯಲ್ಲಿ ಪಾಂಡ್ಯ ನಾಡಿಗೆ ಬಂದ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಂಡರೂ ಆರೈಕೆ ತಿಳಿಯದೆ ಹೆಚ್ಚಿನವು ಸಾಯುತ್ತಿದ್ದವು ಎಂದು ಬರೆದಿದ್ದಾನೆ. ಆ ಮೂಕ ಪ್ರಾಣಿಗಳನ್ನು ನೆನೆದು ನನಗೆ ಬೇಸರವಾಯಿತು. ಒಂದು ನಾಡಿನ ಜೀವ ಕಡಲು ದಾಟಿ ಇನ್ನೊಂದಕ್ಕೆ ಬಂದದ್ದಕ್ಕೆ ಇಲ್ಲಿ ಸಾಕ್ಷಿ ಸಾಲುಗಟ್ಟಿ ನಿಂತಿದೆ, ನಾವು ಮಾತ್ರ ಮೇಲೆ ನೋಡುತ್ತೇವೆ.

ಮಧ್ಯಾಹ್ನ ಬನ್ನೂರಿನಲ್ಲಿ ಮುದ್ದೆ, ಸೊಪ್ಪಿನ ಸಾರು. ರಾಗಿ ಪಳಗಿದ್ದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ. ಸಾರಿಗೆ ಖಾರ ಕೊಟ್ಟ ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಬಂದ ಅಮೆರಿಕದ ಗಿಡ.

ಊಟ ಮುಗಿಸಿ ಭಾವ ತೆನೆಯನ್ನು ಮತ್ತೆ ತಿರುಗಿಸಿ ನೋಡಿದರು. ತುದಿಯಲ್ಲಿ ಹುಳು ಕೊರೆದ ಗುರುತಿತ್ತು. ಅಮೆರಿಕ ಮೂಲದ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದನ್ನು ಕಂಡದ್ದು ಅದೇ ಮೊದಲು. "ಸುಳಿಯೊಳಗೆ ಸೇರಿಕೊಂಡರೆ ಔಷಧಿ ತಾಗುವುದಿಲ್ಲ. ಬೆಳಗಾಗೆದ್ದು ಸುಳಿ ಬಿಡಿಸಿ ನೋಡುತ್ತಿರಬೇಕು" ಎಂದರು ಭಾವ. ಸಂಜೆಯ ಬಸ್ಸಿಗೇ ಊರಿಗೆ ಹೊರಟರು, ಹೊಲ ನೋಡಬೇಕಿತ್ತು.