ಒಣ ಎಲೆ ಕೀಳಬೇಡಿ

ಆಫ್ರಿಕಾದ ಕಿಲಿಮಂಜಾರೋ ಪರ್ವತ ಹತ್ತುವವರ ಕಣ್ಣೆಲ್ಲ 5,895 ಮೀಟರಿನ ತುದಿಯ ಮೇಲೇ ಇರುತ್ತದೆ. ನನಗೆ ಮಾತ್ರ ಬರಾಂಕೋ ಕಣಿವೆಯ ಮರಗಳನ್ನು ನೋಡುವ ಆಸೆ ಜಾಸ್ತಿ ಇತ್ತು. ಎತ್ತರ ಸುಮಾರು 3,900 ಮೀಟರ್. ಕೆಳಗಿನ ದಟ್ಟ ಕಾಡು ಯಾವಾಗಲೋ ಮುಗಿದುಹೋಗಿರುತ್ತದೆ. ಇಲ್ಲಿ ನಿಂತಿರುವುದು ಡೆಂಡ್ರೋಸೆನೆಸಿಯೋ. ಸೂರ್ಯಕಾಂತಿಯ ಕುಟುಂಬದ್ದೇ, ಆದರೆ ನಮಗಿಂತ ಎಷ್ಟೋ ಎತ್ತರ. ಕೊಂಬೆ ಕೆಲವೇ ಕೆಲವು, ಒಂದೊಂದರ ತುದಿಯಲ್ಲೂ ದಪ್ಪ ಎಲೆಗಳ ಗೊಂಚಲು. ಅದರ ಕೆಳಗೆ ಸತ್ತ ಎಲೆಗಳು ಉದುರದೆ ಕಂಬಳಿ ಹೊದ್ದ ಹಾಗೆ ಕಾಂಡವನ್ನು ಸುತ್ತಿಕೊಂಡಿದ್ದವು.

ಜೊತೆಯಲ್ಲಿದ್ದವರೊಬ್ಬರು ಸುಮ್ನೆ ಒಂದು ಒಣ ಎಲೆ ಎಳೆಯಲು ಹೋದರು. ಗೈಡ್ ತಕ್ಷಣ ತಡೆದರು. "ಕೀಳಬೇಡಿ ಸರ್, ಮರಕ್ಕೆ ಬೇಕು ಅದು."

ಭೂಮಧ್ಯರೇಖೆಯ ಹತ್ತಿರದ ಈ ಎತ್ತರದಲ್ಲಿ ಹಗಲು ಬೇಸಿಗೆ, ರಾತ್ರಿ ಚಳಿಗಾಲ. ವರ್ಷವಿಡೀ ಹೀಗೇ. ಚಳಿ ದೇಶಗಳ ಎಷ್ಟೋ ಮರಗಳು ಎಲೆ ಉದುರಿಸಿ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತವೆ. ಇದಕ್ಕೆ ಆ ಬಿಡುವಿಲ್ಲ. ಸಂಜೆಯಾಗುತ್ತಲೇ ಗೊಂಚಲಿನ ಎಲೆಗಳು ಒಳಕ್ಕೆ ಮಡಚಿಕೊಂಡು ನಡುವಿನ ಎಳೆ ಮೊಗ್ಗನ್ನು ಮುಚ್ಚಿಕೊಳ್ಳುತ್ತವೆ.

ಬೆಳಗ್ಗೆ ಗುಡಾರದಿಂದ ಹೊರಬಂದರೆ ಮಡಚಿದ ಎಲೆಗಳ ಹೊರಮೈಯಲ್ಲಿ ಬಿಳಿ ಹಿಮ. ಬೂಟು ಊರಿದಲ್ಲೆಲ್ಲ ನೆಲ ಕರಕರ ಎನ್ನುತ್ತಿತ್ತು. ಬಗ್ಗಿ ನೋಡಿದೆ. ಸೂಜಿಯಂಥ ಹಿಮದ ಎಳೆಗಳು ಮಣ್ಣನ್ನೇ ಮೇಲೆತ್ತಿದ್ದವು. ಮರದ ಕಷ್ಟ ಆಗ ಅರ್ಥವಾಯಿತು. ಬಿಸಿಲು ಬಿದ್ದೊಡನೆ ಎಲೆಗಳಿಂದ ನೀರು ಆರತೊಡಗುತ್ತದೆ. ಬೇರಿನ ಸುತ್ತ ನೀರಿದೆ, ಆದರೆ ಅಷ್ಟು ತಣ್ಣಗಿನ ನೆಲದಿಂದ ಬೇಕಾದಷ್ಟು ಎಳೆದುಕೊಳ್ಳಲು ಆಗುವುದಿಲ್ಲ. ಆ ಹೊತ್ತಿಗೆ ಕೈಹಿಡಿಯುವುದು ಕಾಂಡದ ನಡುವಿನ ಮೆತ್ತನೆಯ ತಿರುಳಿನಲ್ಲಿ ಕೂಡಿಟ್ಟ ನೀರು. ರಾತ್ರಿ ಅದು ಹೆಪ್ಪುಗಟ್ಟಬಾರದು. ಸತ್ತ ಎಲೆಗಳು ಕಾಯುವುದು ಇದನ್ನೇ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿನ ಎಸ್ಪೆಲೇಷಿಯಾ ಎಂಬ ಗಿಡ ಕೂಡ ಹೀಗೇ ಬದುಕುತ್ತದೆ. ವೆನಿಜುವೆಲಾದಲ್ಲಿ ವಿಜ್ಞಾನಿಗಳು ಅದರ ಒಣ ಎಲೆಗಳನ್ನು ತೆಗೆದು ನೋಡಿದರು. ಬೆಳಗಿನ ಹೊತ್ತು ಎಲೆಗಳಿಗೆ ನೀರು ಸಾಲದೆ ಗಿಡಗಳು ಬಾಡಿದವು, ಸತ್ತೂ ಹೋದವು. ನೆಲದಲ್ಲಿ ನೀರಿದ್ದೂ ಬಾಯಾರಿ ಸಾಯುವುದು ಎಂಥ ಸಂಕಟ, ಅಲ್ವಾ?

ಹೊರಡುವಾಗ ದಾರಿ ಪಕ್ಕದ ಮರವೊಂದರಲ್ಲಿ ಮೊಳದುದ್ದ ಕಾಂಡ ಬೋಳಾಗಿದ್ದುದು ಕಂಡಿತು. ಮೇಲೆ ಕೆಳಗೆ ಒಣ ಎಲೆ ಹಾಗೇ ಇತ್ತು. ಯಾರೋ ಕಿತ್ತಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ಹೊಸ ಎಲೆ ಹುಟ್ಟುವುದು ಕೊಂಬೆಯ ತುದಿಯಲ್ಲಿ ಮಾತ್ರ. ಆ ಜಾಗ ಇನ್ನು ಮುಚ್ಚುವುದಿಲ್ಲ.