ಬ್ಯಾಕಪ್ ತಂತ್ರಾಂಶದ ಪ್ರಗತಿ ಟಿಪ್ಪಣಿ: 0.1 ಆವೃತ್ತಿಯನ್ನು ಹೊರಬಿಡುವ ತೀರ್ಮಾನ

ಬಿಡುವಿನ ವೇಳೆಯಲ್ಲಿ ನಾನು ಬರೆಯುತ್ತಿರುವ ಬ್ಯಾಕಪ್ ತಂತ್ರಾಂಶವು ಈಗ ಕಡತಗಳನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಹ್ಯಾಶ್ (ತುಂಡಿನ ಬೆರಳಚ್ಚಿನಂಥ ಗುರುತು) ಲೆಕ್ಕಹಾಕಿ, ಒಮ್ಮೆ ಉಳಿಸಿದ ತುಂಡನ್ನು ಮತ್ತೆ ಉಳಿಸದೆ ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತದೆ. ಕೇಳಿದಾಗ ಅದೇ ತುಂಡುಗಳನ್ನು ಜೋಡಿಸಿ ಮೂಲ ಕಡತವನ್ನು ಹಿಂದಿರುಗಿಸುತ್ತದೆ. ಬೇರೆಯವರು ಓದಲಾಗದಂತೆ ಗೂಢಲಿಪಿಗೆ ಬದಲಿಸುವ ಎನ್‌ಕ್ರಿಪ್ಶನ್ ಇನ್ನೂ ಇಲ್ಲ. ಹಳೆಯ ಬ್ಯಾಕಪ್‌ಗಳನ್ನು ಅಳಿಸಿ ಜಾಗ ತೆರವು ಮಾಡುವ ಭಾಗ ಅರ್ಧದಲ್ಲಿದೆ. ಎಲ್ಲ ಕೆಲಸವೂ ಟರ್ಮಿನಲ್‌ನಲ್ಲಿ ಆದೇಶ ಬರೆದೇ ನಡೆಯಬೇಕು. ಇಷ್ಟು ಅಪೂರ್ಣವಾಗಿರುವಾಗಲೇ ಇದನ್ನು ಬೇರೆಯವರ ಕೈಗೆ ಕೊಡಬಹುದೇ ಎಂಬುದನ್ನು ತೀರ್ಮಾನಿಸುವುದೇ ಈ ಸಲದ ಮುಖ್ಯ ಕೆಲಸವಾಗಿತ್ತು.

ಬಾಕಿ ಉಳಿದ ಸೌಲಭ್ಯಗಳನ್ನು ಎಣಿಸಿ ಸಿದ್ಧತೆಯನ್ನು ಅಳೆಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಆ ಪಟ್ಟಿ ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಬೆಳೆಯುತ್ತಲೇ ಇರುತ್ತದೆ. ನಾನು ಕೇಳಿಕೊಂಡ ಪ್ರಶ್ನೆ ಬೇರೆ: ಇನ್ನೂ ಅಡಗಿರಬಹುದಾದ ದೋಷಗಳಲ್ಲಿ ನಾನೇ ಕುಳಿತು ಹುಡುಕಬಲ್ಲವು ಯಾವುವು, ಮತ್ತೊಬ್ಬರ ಯಂತ್ರದಲ್ಲಿ ಮಾತ್ರ ಹೊರಬೀಳುವವು ಯಾವುವು? ಮೊದಲನೆಯ ಬಗೆಯವನ್ನು ತೀರಿಸದೆ ಬಿಡುಗಡೆ ಮಾಡುವುದು ನನ್ನ ಕೆಲಸವನ್ನು ಅಪರಿಚಿತರ ದತ್ತಾಂಶದ ಮೇಲೆ ಹೊರಿಸಿದಂತಾಗುತ್ತದೆ. ಎರಡನೆಯ ಬಗೆಯವಕ್ಕಾಗಿ ಕಾಯುತ್ತ ಕೂರುವುದರಲ್ಲಿಯೂ ಅರ್ಥವಿಲ್ಲ. ಎಷ್ಟು ಕಾದರೂ ಅವು ನನ್ನ ಮುಂದೆ ಬರುವುದಿಲ್ಲ.

ಮೊದಲನೆಯ ಬಗೆಯಲ್ಲಿ ಅತ್ಯಂತ ಗಂಭೀರವಾದದ್ದು, ಬರೆಯುವ ನಡುವೆಯೇ ವಿದ್ಯುತ್ ಹೋದರೆ ಸಂಗ್ರಹದ ಗತಿ ಏನು ಎಂಬುದು. ಯಾವ ಕಡತಕ್ಕೆ ಯಾವ ತುಂಡುಗಳು ಎಂಬ ಪಟ್ಟಿಯಾದ ಸೂಚಿಯನ್ನು ನೇರವಾಗಿ ತಿದ್ದಿದರೆ ಅರ್ಧ ಹಳೆಯದು, ಅರ್ಧ ಹೊಸದು ಆದ ಕಡತ ಉಳಿಯಬಹುದು. ಆದ್ದರಿಂದ ಹೊಸ ಸೂಚಿಯನ್ನು ತಾತ್ಕಾಲಿಕ ಕಡತಕ್ಕೆ ಬರೆದು, ಅದು ಡಿಸ್ಕ್ ಮುಟ್ಟುವಂತೆ ಎಫ್‌ಸಿಂಕ್ ಕರೆದು, ಆಮೇಲೆ ಹಳೆಯ ಹೆಸರಿಗೆ ಮರುಹೆಸರಿಸುವ ಕ್ರಮವನ್ನು ಅನುಸರಿಸಿದ್ದೇನೆ. ಯೂನಿಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್ ನಿಯಮದಂತೆ ಮರುಹೆಸರಿಸುವ ಕ್ರಿಯೆ ಅವಿಭಾಜ್ಯವಾದದ್ದು: ಓದುವವರಿಗೆ ಹಳೆಯ ಸೂಚಿ ಕಾಣುತ್ತದೆ ಅಥವಾ ಹೊಸದು ಕಾಣುತ್ತದೆ, ನಡುವಿನ ಸ್ಥಿತಿ ಕಾಣುವುದಿಲ್ಲ. ಆದರೆ ಆ ಹೊಸ ಹೆಸರು ಡಿಸ್ಕಿನಲ್ಲಿ ಉಳಿಯುವುದು ಖಚಿತವಾಗಬೇಕಾದರೆ ಕಡತಕ್ಕೆ ಮಾತ್ರವಲ್ಲದೆ ಅದಿರುವ ಡೈರೆಕ್ಟರಿಗೂ ಎಫ್‌ಸಿಂಕ್ ಕರೆಯಬೇಕು. ಇದು ಸುಲಭವಾಗಿ ತಪ್ಪಿಹೋಗುವ ಹೆಜ್ಜೆ. ಈಗ ಪರೀಕ್ಷೆಗಳು ವರ್ಚುವಲ್ ಯಂತ್ರವನ್ನು ಬ್ಯಾಕಪ್ ನಡೆಯುತ್ತಿರುವಾಗಲೇ ಬೇರೆ ಬೇರೆ ಹಂತಗಳಲ್ಲಿ ಹಠಾತ್ತಾಗಿ ನಿಲ್ಲಿಸಿ, ಮತ್ತೆ ಆರಂಭಿಸಿ, ಹಿಂದಿನ ಬ್ಯಾಕಪ್‌ನಿಂದ ಪ್ರತಿ ಕಡತವನ್ನೂ ಮರಳಿ ಪಡೆದು ಮೂಲದೊಂದಿಗೆ ಬೈಟ್ ಬೈಟ್ ಹೋಲಿಸುತ್ತವೆ. ಸಂಗ್ರಹದಲ್ಲಿ ಬೇಕೆಂದೇ ಒಂದು ಬೈಟನ್ನು ಬದಲಿಸಿ, ತಪಾಸಣೆಯ ಆದೇಶ ಅದನ್ನು ಹಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಸೇರಿದೆ. ಇವೆಲ್ಲ ತೇರ್ಗಡೆಯಾಗುತ್ತಿವೆ. ಬ್ಯಾಕಪ್ ಮಾಡುವ ಭಾಗಕ್ಕಿಂತ ಮರಳಿ ಪಡೆಯುವ ಭಾಗಕ್ಕೆ ಹೆಚ್ಚು ಪರೀಕ್ಷೆ ಬರೆದಿರುವುದು ಉದ್ದೇಶಪೂರ್ವಕ. ಜನರಿಗೆ ಈ ತಂತ್ರಾಂಶ ನಿಜವಾಗಿ ಬೇಕಾಗುವುದು ಆ ಗಳಿಗೆಯಲ್ಲಿಯೇ.

ಎರಡನೆಯ ಬಗೆಗೆ ಕಡತದ ಹೆಸರುಗಳೇ ಸಾಕಷ್ಟು ಉದಾಹರಣೆ ಒದಗಿಸುತ್ತವೆ. ‘ಕೋಶ’ ಎಂಬ ಹೆಸರಿನ ಮೊದಲ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಹಲವು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಮಾತ್ರ ಬೇರೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಇವು ಎರಡು ಪ್ರತ್ಯೇಕ ಕಡತಗಳಾಗಿ ಒಟ್ಟಿಗೆ ಇರಬಲ್ಲವು. ಮ್ಯಾಕ್‌ಓಎಸ್‌ನಲ್ಲಿ ಇವೆರಡೂ ಒಂದೇ ಹೆಸರು. ಹಾಗಾಗಿ ಲಿನಕ್ಸ್‌ನಲ್ಲಿ ತೆಗೆದ ಬ್ಯಾಕಪ್ಪನ್ನು ಅಲ್ಲಿ ಬಿಡಿಸಿದರೆ ಒಂದು ಕಡತ ಇನ್ನೊಂದನ್ನು ಅಳಿಸಿಬಿಡಬಹುದು. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳದ್ದೂ ಇದೇ ಕಥೆ. ನನಗೆ ತಿಳಿದ ಈ ಪ್ರಕರಣಗಳಿಗೆ ಪರಿಹಾರ ಹಾಕಿದ್ದೇನೆ: ಮರಳಿ ಪಡೆಯುವಾಗ ಈಗಾಗಲೇ ಇರುವ ಹೆಸರಿನ ಮೇಲೆ ತಂತ್ರಾಂಶ ಬರೆಯುವುದಿಲ್ಲ, ನಿಂತು ಹೇಳುತ್ತದೆ. ಆದರೆ ನನಗೆ ತೋಚದ ಇಂಥವು ಇನ್ನೆಷ್ಟಿವೆ ಎಂಬುದಕ್ಕೆ ಉತ್ತರ ಕೊಡಬಲ್ಲವರು ಬೇರೆ ಡಿಸ್ಕ್, ಬೇರೆ ಭಾಷೆ, ಬೇರೆ ಅಭ್ಯಾಸಗಳಿರುವ ಬಳಕೆದಾರರು ಮಾತ್ರ.

ಆವೃತ್ತಿಯ ಸಂಖ್ಯೆಯ ಬಗ್ಗೆಯೂ ಸಾಕಷ್ಟು ಯೋಚಿಸಿದೆ. 1991ರ ಸೆಪ್ಟೆಂಬರ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಲಿನಕ್ಸ್ 0.01 ಅನ್ನು ಕಂಪೈಲ್ ಮಾಡಲು ಮಿನಿಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ಬೇಕಾಗಿತ್ತು, 1.0 ಬಂದದ್ದು 1994ರ ಮಾರ್ಚ್‌ನಲ್ಲಿ. ನಡುವಿನ ಸಂಖ್ಯೆಗಳು ಅದರ ಅಪೂರ್ಣತೆಯನ್ನು ಮುಚ್ಚಿಡಲಿಲ್ಲ, ಜನ ಸೇರಿಕೊಳ್ಳುವುದನ್ನು ತಡೆಯಲೂ ಇಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ, 1993ರಲ್ಲಿ ಆರಂಭವಾದ ವೈನ್ 1.0 ತಲುಪಿದ್ದು 2008ರಲ್ಲಿ, ಅಷ್ಟರೊಳಗೆ ಅದನ್ನು ಎಷ್ಟೋ ಜನ ಬಳಸುತ್ತಿದ್ದರು. ಅದೇ 2008ರ ಜನವರಿಯಲ್ಲಿ ಬಂದ ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರದ 4.0 ಆವೃತ್ತಿ ಇದಕ್ಕೆ ವಿರುದ್ಧವಾದ ಪಾಠ: ಅದು ಎಲ್ಲರ ದಿನಬಳಕೆಗಲ್ಲ ಎಂದು ಅಭಿವೃದ್ಧಿಕಾರರು ವಿವರಿಸಿದ್ದರೂ, 4.0 ಎಂಬ ಸಂಖ್ಯೆಯನ್ನು ಕಂಡ ಬಳಕೆದಾರರು ಮುಗಿದ ಡೆಸ್ಕ್‌ಟಾಪನ್ನೇ ನಿರೀಕ್ಷಿಸಿ ನಿರಾಶರಾದರು. ವಿವರಣೆಯನ್ನು ಕೆಲವರು ಓದುತ್ತಾರೆ, ಸಂಖ್ಯೆಯನ್ನು ಎಲ್ಲರೂ ಓದುತ್ತಾರೆ. ಆದ್ದರಿಂದ ನನ್ನದು 0.1 ಆಗಿಯೇ ಹೊರಡುತ್ತದೆ. ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಶನಿಂಗ್ ಕ್ರಮದಲ್ಲಿ ಸೊನ್ನೆಯಿಂದ ಆರಂಭವಾಗುವ ಆವೃತ್ತಿಯಲ್ಲಿ ಯಾವುದು ಯಾವಾಗ ಬೇಕಾದರೂ ಬದಲಾಗಬಹುದು.

ಆದರೆ ಆದೇಶಗಳ ಹೆಸರು ಬದಲಾದರೆ ಕಿರಿಕಿರಿಯಷ್ಟೇ, ಸಂಗ್ರಹದ ವಿನ್ಯಾಸ ಬದಲಾದರೆ ಹಳೆಯ ಬ್ಯಾಕಪ್‌ಗಳೇ ಓದಲಾಗದೆ ಹೋಗಬಹುದು. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶ 2004ರ ಆವೃತ್ತಿ 3ರಿಂದ ಈಚೆಗೆ ಬರೆದ ದತ್ತಾಂಶ ಕಡತಗಳನ್ನು ಇಂದಿಗೂ ಓದುತ್ತದೆ. ಅಂಥ ಭರವಸೆ ನೀಡುವ ಧೈರ್ಯ ನನಗಿನ್ನೂ ಇಲ್ಲ. ಸದ್ಯಕ್ಕೆ ಸಂಗ್ರಹದ ಆರಂಭದಲ್ಲಿಯೇ ವಿನ್ಯಾಸದ ಸಂಖ್ಯೆಯನ್ನು ಬರೆಯುತ್ತಿದ್ದೇನೆ, ತನಗೆ ತಿಳಿಯದ ಸಂಖ್ಯೆ ಕಂಡರೆ ತಂತ್ರಾಂಶ ಏನನ್ನೂ ಮುಟ್ಟದೆ ನಿಲ್ಲುತ್ತದೆ, ಮತ್ತು ಒಮ್ಮೆ ಹೊರಬಿಟ್ಟ ವಿನ್ಯಾಸವನ್ನು ಓದುವ ಕೋಡನ್ನು ಮುಂದೆ ತೆಗೆದುಹಾಕುವುದಿಲ್ಲ. ಹಳೆಯ ಬ್ಯಾಕಪ್ ಅಳಿಸುವ ಭಾಗವನ್ನು ಈ ಬಿಡುಗಡೆಯಿಂದ ಪೂರ್ತಿ ಹೊರಗಿಟ್ಟಿದ್ದೇನೆ. ಇಲ್ಲದ ಸೌಲಭ್ಯದಿಂದ ಯಾರ ಕಡತವೂ ಕಳೆದುಹೋಗುವುದಿಲ್ಲ. ಅರ್ಧ ಬರೆದ ಅಳಿಸುವ ಕೋಡಿನಿಂದ ಹೋಗಬಹುದು.

ಪರವಾನಗಿಯಾಗಿ ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಆವೃತ್ತಿ 3 ಅನ್ನು ಆರಿಸಿದ್ದೇನೆ. ಇತರರ ಕೋಡ್ ಸೇರಿದ ಮೇಲೆ ಪರವಾನಗಿ ಬದಲಿಸಲು ಅವರೆಲ್ಲರ ಒಪ್ಪಿಗೆ ಬೇಕಾಗುವುದರಿಂದ ಈ ನಿರ್ಧಾರ ಮೊದಲೇ ಆಗಬೇಕಿತ್ತು. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಗುಪ್ತಪದಗಳು ಉಳಿದಿಲ್ಲವೆಂದೂ ಪರಿಶೀಲಿಸಿದ್ದಾಯಿತು.

ಈಗ ಉಳಿದಿರುವುದು ಬಳಕೆದಾರರು ಮೊದಲು ಓದಬೇಕಾದ ರೀಡ್‌ಮಿ ಕಡತ. ಅದರ ಮೊದಲ ಪರಿಚ್ಛೇದದಲ್ಲಿಯೇ ಎನ್‌ಕ್ರಿಪ್ಶನ್ ಇಲ್ಲವೆಂಬುದೂ, ಇದನ್ನು ಏಕೈಕ ಬ್ಯಾಕಪ್ ಆಗಿ ಇನ್ನೂ ನಂಬಬಾರದೆಂಬುದೂ ಬರುತ್ತದೆ. ದೋಷ ವರದಿ ಮಾಡುವವರು ಕಳುಹಿಸಬೇಕಾದ ವಿವರಗಳನ್ನು ಒಟ್ಟುಗೂಡಿಸುವ ಆದೇಶವೊಂದನ್ನು ಬರೆಯುತ್ತಿದ್ದೇನೆ. ಅದು ಕಡತದ ಹೆಸರುಗಳನ್ನು ಹೊರಗೆ ಕಳುಹಿಸದಂತೆ ನೋಡಿಕೊಳ್ಳುವುದು ಮುಗಿದ ಕೂಡಲೇ ಗಿಟ್‌ನಲ್ಲಿ 0.1ರ ಟ್ಯಾಗ್ (ಬಿಡುಗಡೆಯ ಗುರುತು) ಹಾಕುತ್ತೇನೆ.